ಕಾಗದವನ್ನು ಕೊನೆಯಿಂದ ಓದುತ್ತಿದ್ದವರು

ಓದಲು ಕಣ್ಣನ್ನೂ, ಓದಿದ್ದನ್ನು ತಿದ್ದಲು ನೆರೆಯವರನ್ನೂ ಕರುಣಿಸಿದ ಭಗವಂತನಿಗೆ ಮೊದಲ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಎದುರುಮನೆಯವರು ವಿಜಯಪುರದ ಕಡೆಯವರು; ಭಿವಂಡಿಯ ಗೋದಾಮಿನಲ್ಲಿ ಗುಮಾಸ್ತರಾಗಿದ್ದವರು. ಯಾವ ಕಾಗದ ಕೊಟ್ಟರೂ ಮಗುಚಿ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಕೊನೆಯ ಪುಟದ ಸಣ್ಣ ಅಕ್ಷರಗಳ ಕೆಳಗೆ ಉಗುರೆಳೆಯುತ್ತ ಓದುತ್ತಿದ್ದರು. "ತಡೀರಿ, ಇನ್ನೂ ಮುಗದಿಲ್ಲ" ಎಂಬುದು ಅವರ ನಿತ್ಯದ ಮಾತು.

ನನ್ನ ಧರ್ಮಪತ್ನಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಕ್ರೆಡಿಟ್ ಕಾರ್ಡಿನಿಂದ ಹಣ ಕಟ್ಟಿ, ಒಂದು ವರ್ಷದಲ್ಲಿ ಪಿಂಚಣಿಯಿಂದ ತೀರಿಸುವುದೆಂದು ನಿಶ್ಚಯಿಸಿದ್ದೆ. ಎರಡು ಬ್ಯಾಂಕುಗಳಿಂದ ಕಾರ್ಡಿನ ಕರಾರಿನ ಕಾಗದಗಳು ಬಂದಿದ್ದವು. ಸಂಜೆ ಹೊತ್ತು ಜನರಿಗೆ ಪುರಾಣ ಓದಿ ಹೇಳುವವನು ನಾನು; ಆ ಪಾರಾಯಣದ ಅಭ್ಯಾಸದಂತೆ ಎರಡನ್ನೂ ಮೊದಲ ಪುಟದಿಂದ ಓದಿದೆ. ಒಂದರಲ್ಲಿ ತಿಂಗಳಿಗೆ ಎರಡರ ಬಡ್ಡಿ, ಇನ್ನೊಂದರಲ್ಲಿ ಒಂದೂವರೆ. ಅಲ್ಲಿಗೇ ಓದು ನಿಲ್ಲಿಸಿ, ಒಂದೂವರೆಯದಕ್ಕೆ ಸಹಿ ಹಾಕಲು ಲೇಖನಿ ತೆಗೆದೆ.

"ತಡೀರಿ ಗುರುಗಳ, ಇನ್ನೂ ಮುಗದಿಲ್ಲ. ಇದೇನ್ ಪುರಾಣ ಏನ್ರಿ, ಮೊದಲಿಂದ ಓದಾಕ?" ಎಂದು ಪಕ್ಕದಲ್ಲೇ ಕುಳಿತಿದ್ದ ಎದುರುಮನೆಯವರು ಕಾಗದ ಮಗುಚಿದರು. "ನೋಡ್ರಿ ಇಲ್ಲಿ. ಒಂದೂವರೆ ಅನ್ನೋದು ಬರೇ ಮೂರು ತಿಂಗಳಿಗೆ. ಆಮ್ಯಾಲೆ ಮೂರೂವರೆ. ಆ ಎರಡರದ್ದು ವರ್ಷಪೂರ್ತಿ ಎರಡೇ ಅದ."

ಒಳಗಿನಿಂದ ಧರ್ಮಪತ್ನಿ ನಕ್ಕಳು. "ಮಂಗಳ ಆಗೋ ತನಕ ಏಳಬ್ಯಾಡ್ರಿ ಅಂತ ಕೇಳೋ ಮಂದಿಗೆಲ್ಲ ಹೇಳ್ತೀರಿ. ಇವತ್ತ ನೀವೇ ನಡುವ ಎದ್ರಿ ನೋಡ್ರಿ!"

ನಾನು ಲೇಖನಿ ಮುಚ್ಚಿ, ಇನ್ನೊಂದು ಕಾಗದವನ್ನು ಕೊನೆಯ ಪುಟದಿಂದ ಓದತೊಡಗಿದೆ.

ಎದುರುಮನೆಯವರು ಈಗ ಮನೆ ಬಿಟ್ಟು ಬದಲಾಪುರದಲ್ಲಿದ್ದಾರೆ. ಸಾಲ ತೀರಿದೆ, ಈಕೆ ಮೆಟ್ಟಿಲು ಹತ್ತುತ್ತಾಳೆ. ಆ ಕಣ್ಣುಗಳೂ ಈ ಕಾಲುಗಳೂ, ಅಷ್ಟು ಸಣ್ಣ ಅಕ್ಷರ ಜೋಡಿಸಿದವರೂ ಚೆನ್ನಾಗಿರಲಿ.