ದೂರು ಪೆಟ್ಟಿಗೆಗೆ ಶುಕ್ರವಾರದ ಪೂಜೆ

ಗೆಳೆಯರೇ, ಹರಿಹರದ ನಮ್ಮ ಗಾರ್ಮೆಂಟ್ಸ್‌ನಲ್ಲಿ ದೂರು ಪೆಟ್ಟಿಗೆ ತೂಗುಹಾಕಿರುವುದು ಸೂಪರ್‌ವೈಸರ್ ಕುರ್ಚಿಯ ಹಿಂದೆ. ಇವತ್ತು ಶುಕ್ರವಾರದ ಪೂಜೆಯಲ್ಲಿ ಮಾಲೀಕರು ಹೊಲಿಗೆ ಮಷಿನ್‌ಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ, ಚೀಟಿ ಹಾಕುವ ಕಂಡಿಗೇ ಹೂವು ಸಿಕ್ಕಿಸಿದರು.

“ವರ್ಷ ಆತು, ಒಂದೂ ದೂರಿಲ್ಲ. ನಮ್ದು ಒಂದೇ ಮನೆ ಇದ್ದಂಗೆ,” ಎಂದರು.

ಟೈಲರ್ ರೇಣುಕಕ್ಕ ವಾರದಿಂದ ಟಿಫಿನ್ ಚೀಲದಲ್ಲಿಟ್ಟುಕೊಂಡಿದ್ದ ಚೀಟಿ ತೆಗೆದರು. “ಮೈ ಮುಟ್ಟೋನೇ ಡಬ್ಬಿ ಮುಂದೆ ಕುಂತ್ರೆ ಹೆಂಗೆ ಹಾಕಾದ್ರೀ? ನೀವೇ ಹಿಡೀರಿ.”

ಆರತಿ ತಟ್ಟೆ ಹಿಡಿದಿದ್ದ ಸೂಪರ್‌ವೈಸರ್ ತಲೆ ಎತ್ತಲಿಲ್ಲ.

“ಇದನ್ನ ತಡೆಯೋದು ನಿಮ್ಮ ಜವಾಬ್ದಾರಿ ಸರ್,” ಎಂದು ಪಕ್ಕದ ಮಷಿನ್‌ನಲ್ಲಿ ಹೊಲಿಯುವ ನಾನು ಲೈಂಗಿಕ ಕಿರುಕುಳ ತಡೆ ಕಾನೂನಿನ ಕಿರುಹೊತ್ತಿಗೆ ಕೊಟ್ಟೆ. ಚೀಟಿ ಓದಿದ ಮಾಲೀಕರು, “ಸೋಮವಾರನೇ ದೂರು ವಿಚಾರಿಸಾಕೆ ಸಮಿತಿ ಮಾಡಾಣ,” ಎಂದು ಹೊತ್ತಿಗೆಯನ್ನು ಕಣ್ಣಿಗೊತ್ತಿ ದೇವರ ಫೋಟೊ ಮುಂದೆ ಇಟ್ಟರು.

“ಸರ್, ಅದು ಓದಾಕೆ. ಅದಕ್ಕೂ ಹೂವು ಇಡಬ್ಯಾಡ್ರಿ,” ಎಂದೆ.