ಟೋಪಿಗೆ ಒಗ್ಗಿದ ಗಾಡಿ

ಕಸಿಯಾನೊ ತಾರ್ಕಿ ಮೂವತ್ತೊಂದು ವರ್ಷ ಮಿನಿಬಸ್ ಓಡಿಸಿದ. ವಿಲ್ಯಾ ಫಾತಿಮಾದಿಂದ ಸೇಹಾಕ್ಕೆ, ಸೇಹಾದಿಂದ ವಿಲ್ಯಾ ಫಾತಿಮಾಕ್ಕೆ. ಲಾ ಪಾಸ್ ನಗರವೆಂಬ ಬಾಣಲೆಯ ಒಳಗಿನಿಂದ ಅಂಚಿಗೆ ಹತ್ತುವುದು, ಮತ್ತೆ ಒಳಗೆ ಜಾರುವುದು. ಹದಿನಾಲ್ಕು ಸೀಟಿನಲ್ಲಿ ಹದಿನೇಳು ಜನರನ್ನು ಕೂರಿಸುವ ವಿದ್ಯೆ ಅವನಿಗೆ ಎಷ್ಟು ಮೈಗೂಡಿತ್ತೆಂದರೆ, ಈಗಲೂ ನಮ್ಮ ಮನೆಗೆ ಊಟಕ್ಕೆ ಬಂದರೆ ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಿದೆಯೆಂದು ನನ್ನನ್ನು ಗೋಡೆಗೆ ಒತ್ತುತ್ತಾನೆ. ಅವನ ಮಗಳ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವನು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಅಂದರೆ ಅವನು ಕರೆದಲ್ಲಿಗೆ ನಾನು ಹೋಗಬೇಕು, ಹೋದಲ್ಲಿ ಅವನ ಸಾಮಾನು ಹೊರಬೇಕು.

ಮೊದಮೊದಲು ಆ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ “ಸೇಹಾ, ಸೇಹಾ, ಸೇಹಾ!” ಎಂದು ಕೂಗಿ ಜನ ತುಂಬಿಸುತ್ತಿದ್ದವಳು ಅವನ ಹೆಂಡತಿ ಪ್ರುದೆನ್ಸಿಯಾ. ಆಮೇಲೆ ಆಕೆ ಸೇಹಾದ ಸಂತೆಯಲ್ಲಿ ಪಾತ್ರೆ ಅಂಗಡಿ ಇಟ್ಟಳು. ಗಂಡನ ಬಸ್ಸಿನಲ್ಲೇ ಹೋಗಿ ಬರುವುದು. ಆದರೆ ಡ್ರೈವರ್ ಪಕ್ಕದ ಸೀಟು ದುಡ್ಡು ಕೊಡುವವರಿಗೆ, ಮನೆಯವಳಿಗೆ ಕಡೆಯ ಸಾಲು. ಒಂದು ಹಬ್ಬದ ದಿನ ಆ ಕಡೆಯ ಸಾಲಿನಲ್ಲಿ ಯಾರದೋ ಕೋಳಿಬುಟ್ಟಿ ಬಿದ್ದು ಆಕೆಯ ಹೊಸ ಗುಂಡುಟೋಪಿ ಚಪ್ಪಟೆಯಾಯಿತು. ನಮ್ಮ ಹೆಂಗಸರಿಗೆ ಟೋಪಿಯೆಂದರೆ ಏನೆಂದು ತಿಳಿಯಬೇಕಾದವರು ಅದನ್ನೊಮ್ಮೆ ಮುಟ್ಟಿ ನೋಡಲಿ. ಪ್ರುದೆನ್ಸಿಯಾ ಅಳಲಿಲ್ಲ, ಬೈಯಲಿಲ್ಲ. ಕಸಿಯಾನೊಗೆ ಅದೇ ಹೆದರಿಕೆಯಾಯಿತು.

“ಮನೆಗೇ ಅಂತ ಒಂದು ಗಾಡಿ ಬರ್ಲಿ ಕಣೇ,” ಎಂದ. “ನನ್ ಪಕ್ಕದಲ್ಲೇ ಕೂರಿಸ್ತೀನಿ. ಟೋಪಿ ತಲೆ ಮೇಲೇ ಇರುತ್ತೆ.”

ಆ ಮಾತಿಗೆ ಹತ್ತೊಂಬತ್ತು ವರ್ಷವಾಯಿತು. ಆಕೆ ಒಮ್ಮೆಯೂ ನೆನಪಿಸಲಿಲ್ಲ. ಅವನು ಒಂದು ದಿನವೂ ಮರೆಯಲಿಲ್ಲ.

ಕಳೆದ ವರ್ಷ ಮಿನಿಬಸ್ ಮಾರಿದ. ಮನೆಮಂದಿಗೆಂದು ಎತ್ತರದ ಕಾರು ತರುವುದೆಂದಾಯಿತು. ಸೋಸಿ ಸೋಸಿ ಎರಡು ಉಳಿದವು: ಬಿಳಿಯ ಜಪಾನಿನದು, ಕೆಂಪನೆಯ ಕೊರಿಯಾದ್ದು. ಎರಡಕ್ಕೂ ಏಳೇಳು ಸೀಟು, ಬೆಲೆಯೂ ಹತ್ತಿರಹತ್ತಿರ. ಬ್ರೆಡ್ಡು ಸುತ್ತಿ ಬಂದ ಕಾಗದದ ಮೇಲೆ ಎರಡರ ಗುಣಗಳನ್ನು ಬರೆದು ಬರೆದು ಕಸಿಯಾನೊ ನನಗೆ ಓದಿ ಹೇಳುತ್ತಿದ್ದ. ನನಗೆ ಕಾರಿನ ವಿಷಯದಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದರಾಚೆ ಜ್ಞಾನವಿಲ್ಲ; ಹಾಗಾಗಿ ಧಾರಾಳವಾಗಿ ಸಲಹೆ ಕೊಟ್ಟೆ.

ಅವನ ಜೀವ ಕೆಂಪಿನ ಮೇಲಿತ್ತು. ಅದಕ್ಕೆ ಗಾಜಿನ ಚಾವಣಿ.

“ಮೂವತ್ತೊಂದು ವರ್ಷ ತಲೆ ಮೇಲೆ ತಗಡು ನೋಡ್ದೆ ಕೊಂಪಾದ್ರೆ. ಇನ್ಮೇಲೆ ಕತ್ತೆತ್ತಿದ್ರೆ ಇಲ್ಯಿಮಾನಿ ಬೆಟ್ಟ ಕಾಣ್ಬೇಕು.”

“ಓಡ್ಸೋನು ರಸ್ತೆ ನೋಡ್ಬೇಕು ಮುದುಕಪ್ಪಾ, ಬೆಟ್ಟ ಅಲ್ಲ,” ಎಂದಳು ಪ್ರುದೆನ್ಸಿಯಾ. ಆಕೆಗೆ ಬಿಳಿಯದು ಬೇಕು. ಹಿಂದಿನ ಡಿಕ್ಕಿಯಲ್ಲಿ ದೊಡ್ಡ ಹಂಡೆ ಮಲಗಿಸದೆ ನಿಲ್ಲುತ್ತದಂತೆ.

ಹೀಗಿರುವಾಗ ಜನವರಿ ಇಪ್ಪತ್ತನಾಲ್ಕು ಬಂತು, ಅಲಾಸಿತಾ ಜಾತ್ರೆ. ಬೇಕಾದ್ದರ ಪುಟ್ಟ ಗೊಂಬೆ ಕೊಂಡು, ಮಧ್ಯಾಹ್ನ ಹನ್ನೆರಡು ಹೊಡೆಯುವಾಗ ಯಾತಿರಿ ಎಂಬ ಪೂಜಾರಿಯ ಹತ್ತಿರ ಧೂಪ ಹಿಡಿಸಿದರೆ ವರ್ಷದೊಳಗೆ ಅದು ನಿಜವಾಗಿ ಬಾಗಿಲಿಗೆ ಬರುತ್ತದೆ. ಮೀಸೆಯ ದೇವರು ಎಕೇಕೊ ತಂದುಕೊಡುತ್ತಾನೆ. ನಾನು ಏಳು ವರ್ಷದಿಂದ ಮೂರಂತಸ್ತಿನ ಮನೆ ಕೊಳ್ಳುತ್ತಿದ್ದೇನೆ. ಈಗ ನನ್ನ ಬಾಡಿಗೆ ಕೋಣೆಯಲ್ಲಿ ಏಳು ಮನೆಗಳಾಗಿ, ಕಾಲಿಡಲು ಜಾಗವಿಲ್ಲ.

ಕಸಿಯಾನೊ ಹೆಂಡತಿಗೆ ಹೇಳದೆ ಕೆಂಪು ತಗಡಿನ ಕಾರು ಕೊಂಡ. ಜನರ ನೂಕುನುಗ್ಗಲಲ್ಲಿ ತೂರಿ ಧೂಪಕ್ಕೆ ಹಿಡಿದ. ಹೊಗೆ ಸರಿದಾಗ ನೋಡಿದರೆ, ಅದೇ ಯಾತಿರಿಯ ಆಚೆ ಬದಿಯಲ್ಲಿ ಪ್ರುದೆನ್ಸಿಯಾ, ಕೈಯಲ್ಲಿ ಬಿಳಿ ಕಾರು.

“ಅಂಗಡಿಗೆ ಹೋಗ್ತೀನಿ ಅಂದಿದ್ದೆ?”

“ನೀನು ಹಲ್ಲು ಕೀಳಿಸ್ಕೋತೀನಿ ಅಂದಿದ್ದೆ.”

ಯಾತಿರಿ ಕೆಂಡ ಕೆದಕುತ್ತ ಹೇಳಿದ, “ಎರಡೂ ಧೂಪ ಕುಡ್ದಾಯ್ತು. ಒಂದನ್ನ ಬೇಡ ಅಂದ್ರೆ ಎಕೇಕೊಗೆ ಸಿಟ್ಟು ಬರುತ್ತೆ, ನೋಡ್ಕೊಳ್ಳಿ.”

ಎರಡು ಗೊಂಬೆಗಳೂ ಒಂದೇ ಗೂಡಿನಲ್ಲಿ ಕೂತವು. ಬೆಳಿಗ್ಗೆ ಬಿಳಿಯದು ಗೋಡೆಗೆ ಮುಖ ಮಾಡಿರುತ್ತಿತ್ತು, ಸಂಜೆ ಕೆಂಪಿನದು. ತಿರುಗಿಸಿದವರು ಯಾರೆಂದು ಯಾರೂ ಒಪ್ಪಲಿಲ್ಲ.

ಕೊನೆಗೆ ಒಂದು ಶನಿವಾರ ಶೋರೂಮಿಗೆ ಹೊರಟೆವು. ಪ್ರುದೆನ್ಸಿಯಾ ಹಬ್ಬದ ಟೋಪಿ ಇಟ್ಟು, ಲಂಗದ ಮೇಲೆ ಲಂಗ ಉಟ್ಟು ಬಂದಳು. ಬಿಳಿಯದರಲ್ಲಿ ಕೂತಳು, ಟೋಪಿಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಜಾಗ. ಪಕ್ಕದ ಬೀದಿಯಲ್ಲಿ ಕೆಂಪಿನದು. ಟೈ ಕಟ್ಟಿದ ಮಹಾಶಯನೊಬ್ಬ ಪರದೆ, ಕ್ಯಾಮೆರಾ ಎಂದು ವರ್ಣಿಸುತ್ತಿರುವಾಗ ಆಕೆ ಮುಂದಿನ ಸೀಟಿಗೆ ಹತ್ತಿದಳು. ಟಕ್. ಟೋಪಿ ಮೂಗಿನ ಮೇಲೆ ಬಂತು. ಗಾಜು ಜಾರುವ ಚೌಕಟ್ಟು ಅಲ್ಲಿ ಅಷ್ಟು ಕೆಳಗಿತ್ತು.

“ಸೀಟ್ ಇಳಿಸೋಣ ಅಮ್ಮಾ.”

ಇಳಿಸಿದ. ಮತ್ತೆ ಟಕ್.

“ಟೋಪಿ ತೊಡೆ ಮೇಲೆ ಇಟ್ಕೊಂಡ್ರೆ?” ಎಂದ ಪುಣ್ಯಾತ್ಮ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆದರೆ ಪ್ರುದೆನ್ಸಿಯಾ ಅವನತ್ತ ನೋಡಲೇ ಇಲ್ಲ. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದ ಗಂಡನನ್ನು ನೋಡಿದಳು. ಅವನು ಬಾಯಿ ಬಿಟ್ಟುಕೊಂಡು ಗಾಜಿನಾಚೆ ದಿಟ್ಟಿಸುತ್ತಿದ್ದ. ಅಲ್ಲಿ ಕಾಣುತ್ತಿದ್ದುದು ಶೋರೂಮಿನ ಟ್ಯೂಬ್‌ಲೈಟು ಮಾತ್ರ. ಆಕೆ ಎರಡೂ ಕೈ ಮೆಲ್ಲನೆ ಟೋಪಿಗೆ ಒಯ್ದಳು.

“ಹೋಗ್ಲಿ ಬಿಡು ಮುದುಕಪ್ಪಾ. ನಿನ್ ಬೆಟ್ಟ ನೋಡ್ಕೊ.”

ಕಸಿಯಾನೊ ತಿರುಗಿದ. ಟೋಪಿ ತಲೆಯಿಂದ ಎರಡು ಬೆರಳಷ್ಟು ಪಕ್ಕಕ್ಕೆ ಸರಿದಿತ್ತು.

“ಇಳಿ, ಇಳಿ,” ಎಂದ ಗಡಿಬಿಡಿಯಲ್ಲಿ. “ಗಾಜಿದ್ರೆ ಬಿಸಿಲು ಹೊಡ್ಯುತ್ತೆ. ನನ್ ಬೋಳುತಲೆ ಸುಡುತ್ತೆ.”

“ತಲೆ ಬೋಳಾಗಿ ಇಪ್ಪತ್ತು ವರ್ಷ ಆಯ್ತು. ಇವತ್ತು ಗೊತ್ತಾಯ್ತಾ?”

ಟೋಪಿ ಮಾತ್ರ ಸ್ವಸ್ಥಾನಕ್ಕೆ ಮರಳಿತು.

ಉಳಿದದ್ದು ಎಕೇಕೊನ ಸಿಟ್ಟು. ಕಸಿಯಾನೊ ಕೆಂಪು ಗೊಂಬೆಯನ್ನು ನನ್ನ ಅಂಗೈಗಿಟ್ಟ. “ಕೊಂಡಿದ್ದಕ್ಕಿಂತ ಕೊಟ್ಟಿದ್ದಕ್ಕೆ ಶಕ್ತಿ ಜಾಸ್ತಿ ಕೊಂಪಾದ್ರೆ.” ಈಗ ಅದು ನನ್ನ ಏಳು ಮನೆಗಳ ಮುಂದೆ ನಿಂತಿದೆ. ನನ್ನಾಕೆ ದಿನಾ ಒರೆಸಿ, ಯಾವಾಗ ಬರುತ್ತದೆ ಎಂದು ಕೇಳುತ್ತಾಳೆ.

ಬಿಳಿ ಗಾಡಿ ಬಂದ ದಿನ ಗಾಲಿಗಳಿಗೆ ಬಿಯರ್ ಸುರಿದು, ಮೂತಿಗೆ ಹೂವಿನ ಎಸಳು ಎರಚಿ ಹೊರಟೆವು. ಪ್ರುದೆನ್ಸಿಯಾ ನೆಟ್ಟಗೆ ಹೋಗಿ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು.

“ಏ, ಅದು ಕೊಂಪಾದ್ರೆ ಜಾಗ. ಮುಂದೆ ಬಾರೇ.”

ಆಕೆ ಇಳಿದಳು. ಲಂಗಗಳನ್ನು ಒಟ್ಟುಮಾಡಿ ಮುಂದೆ ಹತ್ತಿದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊದಲು ಮಡಿಲಲ್ಲಿಟ್ಟಳು, ಆಮೇಲೆ ಕಿಟಕಿಯ ಮೇಲೆ. ಪೆರೆಸ್ ಚೌಕ ಬಂತು. ಅಲ್ಲಿ ಬಸ್ಸಿಗೆ ಕಾದ ಜನರನ್ನು ಕಂಡದ್ದೇ ತಡ, ಗಾಜು ಇಳಿಸಿ ಕೊರಳೆತ್ತಿದಳು:

“ಸೇಹಾ, ಸೇಹಾ, ಸೇಹಾ!”

ತಮಾಷೆಗೇ ಕೂಗಿದಳೆಂದು ಈಗಲೂ ಹೇಳುತ್ತಾಳೆ. ಆದರೆ ಕಸಿಯಾನೊನ ಕಾಲು ಅವನನ್ನು ಕೇಳದೆ ಬ್ರೇಕ್ ಒತ್ತಿತು. ದಢೂತಿ ಆಸಾಮಿಯೊಬ್ಬ ಬಾಗಿಲು ತೆಗೆದು, ಆಲೂಗಡ್ಡೆಯ ಮೂಟೆಯನ್ನು ನನ್ನ ತೊಡೆಯ ಮೇಲೆ ಇಳಿಸಿ, ಪಕ್ಕದಲ್ಲಿ ಕೂತ.

“ಸ್ವಲ್ಪ ಸರ್ಕೊಳಿ ಕೊಂಪಾದ್ರೆ,” ಎಂದ ಕಸಿಯಾನೊ ಕನ್ನಡಿಯಲ್ಲಿ ನನ್ನನ್ನು ನೋಡುತ್ತ. “ಇನ್ನೂ ಒಬ್ರಿಗೆ ಜಾಗ ಇದೆ.”

ಮೂಟೆಯ ಮೇಲಿಂದ ಕತ್ತು ಚಾಚಿ ನೋಡಿದೆ. ಗಾಡಿ ಏರು ಹತ್ತುತ್ತಿತ್ತು. ಮುಂದಿನ ಸೀಟಿನಲ್ಲಿ ಟೋಪಿ ನೆಟ್ಟಗಿತ್ತು.