ಬಯಕೆಯ ಬರ್ಗರ್

ಎರಡು ಸಾವಿರದ ಇಸವಿಯ ಆಸುಪಾಸಿನ ಆ ದಿನಗಳಲ್ಲಿ ಅಮೆರಿಕದಲ್ಲಿ ನಾವು ಎಲ್ಲೂ ನೆಲೆ ನಿಲ್ಲಲಿಲ್ಲ. ಗಂಡನ ಪ್ರಾಜೆಕ್ಟ್ ಎಳೆದತ್ತ ನಮ್ಮ ಪಾತ್ರೆಪಗಡಗಳೂ ಹೊರಡುತ್ತಿದ್ದವು. ಮೊದಲು ಟೆಕ್ಸಸ್ಸಿನ ಆಸ್ಟಿನ್, ಆಮೇಲೆ ಹ್ಯೂಸ್ಟನ್, ಕೊನೆಗೆ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್. ಮೂರು ಊರಲ್ಲೂ ಬದಲಾಗದೆ ಇದ್ದದ್ದು ಕೆಲಸ ಮಾಡಬಾರದೆಂಬ ನನ್ನ ವೀಸಾ ಮತ್ತು ಪಟ್ಟೆ ಪಟ್ಟೆ ಚಾವಣಿಯ ಒಂದು ಬರ್ಗರ್ ಅಂಗಡಿ. ನಮ್ಮವರಿಗೆ ಮಸಾಲೆದೋಸೆಯ ಮೇಲೆ ಎಷ್ಟು ಅಭಿಮಾನವೋ ಟೆಕ್ಸಸ್ಸಿನವರಿಗೆ ಆ ಬರ್ಗರ್ ಮೇಲೆ ಅಷ್ಟು.

ಲೂಯಿಸ್‌ವಿಲ್‌ನಲ್ಲಿ ಅದು ನಮ್ಮ ಕಿಟಕಿಗೇ ಕಾಣುತ್ತಿತ್ತು. ನನಗಾಗ ಐದು ತಿಂಗಳು. ಅನ್ನ ಕಂಡರೆ ಓಕರಿಸುತ್ತಿದ್ದವಳಿಗೆ ಅಲ್ಲಿಂದ ಬರುವ ಸುಟ್ಟ ಈರುಳ್ಳಿಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

"ಏನು ತಿನ್ಬೇಕು ಅನ್ನಿಸ್ತಿದೆ ಹೇಳೇ," ಎಂದು ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದಾಗ, "ಮಾವಿನಕಾಯಿ," ಎಂದು ಸುಳ್ಳು ಬಿಟ್ಟೆ. ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಅಡುಗೆಮನೆ ಅವಳದು. ಗಂಡನಿಗೆ ನಿಜ ಹೇಳಿದೆ.

"ದನದ ಮಾಂಸದ ಅಂಗಡೀಲಿ ನೀನೇನು ತಿಂತೀಯ? ಭಾನುವಾರ ಇರ್ವಿಂಗ್ ದೇವಸ್ಥಾನಕ್ಕೆ ಡ್ರೈವ್ ಮಾಡೋಣ, ಪುಳಿಯೋಗರೆ ಸಿಗತ್ತೆ."

ಮೈಯೆಲ್ಲ ಉರಿಯಿತು. ಬಸುರಿಯ ಬಯಕೆ ಭಾನುವಾರದ ತನಕ ಕಾಯುತ್ತದೆಯೇ?

ಮರುದಿನ ಅವನು ಆಫೀಸಿಗೆ ಹೋದ ಮೇಲೆ ನಡೆದೇ ಹೊರಟೆ. ಫುಟ್‌ಪಾತೇ ಇಲ್ಲದ ಊರು. ಒಣಹುಲ್ಲಿನ ಮುಳ್ಳೆಲ್ಲ ಚೂಡಿದಾರಕ್ಕೆ ಅಂಟಿಕೊಂಡವು. ಅಂಗಡಿಯ ಪಕ್ಕದಲ್ಲಿ ಒಂದು ಕಿಟಕಿ, ಅದರಿಂದ ಪೊಟ್ಟಣ ಕೊಡುತ್ತಿದ್ದರು, ಮುಂದೆ ಸಾಲು. ನಮ್ಮೂರಲ್ಲಿ ಕಿಟಕಿ ಕಂಡರೆ ಸಾಲಿನಲ್ಲಿ ನಿಲ್ಲುತ್ತೇವಲ್ಲ, ನಾನೂ ನಿಂತೆ. ನನ್ನ ಮುಂದೊಂದು ಟ್ರಕ್ಕು, ಹಿಂದೊಂದು ವ್ಯಾನು. ಟ್ರಕ್ಕು ಮುಂದೆ ಸರಿದಾಗ ನಾನೂ ಶಿಸ್ತಾಗಿ ಸರಿದೆ. ವ್ಯಾನಿನವನು ನಗುತ್ತಿದ್ದದ್ದು ಯಾಕೆಂದು ತಿಳಿಯಲಿಲ್ಲ.

ಕಿಟಕಿಯಲ್ಲಿದ್ದವಳಿಗೆ ನನ್ನಮ್ಮನ ವಯಸ್ಸು. "ಇದು ಕಾರಲ್ಲಿ ಕೂತೇ ಕೊಳ್ಳೋರ ಸಾಲು. ನಿನ್ನ ಕಾರೆಲ್ಲಿ?" ಎಂದಳು.

"ಇಲ್ಲ. ನಡ್ಕೊಂಡು ಬಂದೆ."

ನನ್ನ ಹೊಟ್ಟೆ ನೋಡಿದವಳೇ ಹೊರಗೆ ಬಂದು, ಕೈಹಿಡಿದು ಒಳಗೆ ಕರೆದೊಯ್ದು ಕೂರಿಸಿದಳು. ಮಾಂಸ ಬೇಡ, ಸುಟ್ಟ ಈರುಳ್ಳಿ ಜಾಸ್ತಿ ಇರಲಿ ಎಂದೆ. ನಂಬದೆ ಮೂರು ಸಲ ಕೇಳಿದಳು. ಗೋಡೆಯ ಮೇಲೆ ಮೊದಲ ಅಂಗಡಿಯ ಕಪ್ಪುಬಿಳುಪು ಫೋಟೋ ಇತ್ತು, ಅಜ್ಜನ ಕಾಲದ ಗೂಡಂಗಡಿ. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಬರ್ಗರ್ ಮಾಡಬೇಕೆಂದೇ ಶುರು ಮಾಡಿದ್ದಂತೆ. "ಮೂರು ಮಕ್ಕಳು ಹೊಟ್ಟೇಲಿದ್ದಾಗಲೂ ನನಗೆ ಇದೇ ಬೇಕಿತ್ತು," ಎಂದಳು.

ಆಗಲೇ ಕಣ್ಣಿಗೆ ಬಿತ್ತು. ನನ್ನ ಬನ್ನು, ನನ್ನ ಈರುಳ್ಳಿ ಬೇಯುತ್ತಿದ್ದದ್ದು ಮಾಂಸದ ಕಾವಲಿಯ ಮೇಲೆ, ಅದೇ ಕೊಬ್ಬಿನಲ್ಲಿ. ಎದ್ದು ಬರಬಹುದಿತ್ತು. ಬರಲಿಲ್ಲ. ಎಡಗೈಯಲ್ಲಿ ಅನ್ನ ಮುಟ್ಟಿದರೆ ಬೈಸಿಕೊಂಡು ಬೆಳೆದವಳು ಎರಡೂ ಕೈಯಲ್ಲಿ ಹಿಡಿದು, ಸಾಸಿವೆಯ ಸಾಸು ಮೊಣಕೈಗೆ ಇಳಿಯುವ ಹಾಗೆ ತಿಂದೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಮನೆಗೆ ಬಂದ ಮೇಲೆ ಹೆದರಿಕೆ ಹತ್ತಿಕೊಂಡಿತು. ಮಗುವಿಗೆ ಏನು ಉಣ್ಣಿಸಿಬಿಟ್ಟೆ? ಅಮ್ಮನಿಗೆ ಹೇಳದೆ ಇರಲಾರೆ, ಹೇಳಿದರೆ ಅವಳು ನನ್ನನ್ನು ಮನೆಯೊಳಗೆ ಸೇರಿಸುತ್ತಾಳೋ ಇಲ್ಲವೋ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡಿಯೇ ಸಂಜೆಯಾಯಿತು. ಮೈಸೂರಿನಲ್ಲಿ ಬೆಳಗಾಗುತ್ತಲೇ ಫೋನ್ ಮಾಡಿ ಎಲ್ಲ ಹೇಳಿದೆ. ಮಾವಿನಕಾಯಿಯ ಸುಳ್ಳು, ಕಾರುಗಳ ಸಾಲು, ಆ ಕಾವಲಿ, ಒಂದನ್ನೂ ಬಿಡಲಿಲ್ಲ.

ಅಮ್ಮ ಯಾವ ಪ್ರಾಯಶ್ಚಿತ್ತ ಹೇಳುತ್ತಾಳೋ ಎಂದು ಕಾದೆ.

"ಬಿಸಿಯಾಗಿತ್ತೇನೇ?" ಎಂದಳು.

"ಹೂಂ."

"ಹೊಟ್ಟೆ ತುಂಬ್ತಾ?"

ನನಗೆ ಅಳು ತಡೆಯಲಾಗಲಿಲ್ಲ.

"ಅಳಬೇಡ್ವೇ. ನಾನಲ್ಲಿದ್ದಿದ್ರೆ ಆ ಸಾಲಲ್ಲಿ ನಾನು ನಿಂತ್ಕೊತಿದ್ದೆ," ಎನ್ನುವಾಗ ಅವಳ ದನಿಯೂ ಒಡೆಯಿತು.